ಗೋಡೌನ್ ಬೆಳಕಿನ ಕೋಳಿಗಳು

ಆನ್‌ಲೈನಿನಲ್ಲಿ ಒಂದು ಸಲವಾದರೂ ಸಾಮಾನು ತರಿಸಿಕೊಂಡವರಿಗೆ ಭಿವಂಡಿಯ ಹೆಸರು ಗೊತ್ತಿರುತ್ತದೆ. ಸಾಗರದಲ್ಲೋ ಸಿಂದಗಿಯಲ್ಲೋ ಕೂತು ಒಂದು ಕುಕ್ಕರ್ ಗ್ಯಾಸ್ಕೆಟ್ ಆರ್ಡರ್ ಮಾಡಿದವನ ಮೊಬೈಲಿಗೂ ‘ನಿಮ್ಮ ಪಾರ್ಸೆಲ್ ಭಿವಂಡಿ ಬಿಟ್ಟಿದೆ’ ಎಂಬ ಸಂದೇಶ ಬರುತ್ತದೆ. ಅದಕ್ಕೂ ಹಿಂದಿನ ತಲೆಮಾರಿನವರಿಗೆ ಭಿವಂಡಿ ಎಂದರೆ ಪವರ್‌ಲೂಮ್. ಹಗಲೂ ರಾತ್ರಿ ಖಟಖಟ. ಹಾಗಾಗಿ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಡೊಂಬಿವಲಿಯ ಫ್ಲ್ಯಾಟನ್ನು ಮಗಳಿಗೆ ಬಿಟ್ಟುಕೊಟ್ಟು, ಭಿವಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಕೋಳಿ ಸಾಕಿಕೊಂಡಿದ್ದೇನೆ ಎಂದಾಗ ನಂಬಿದವರು ಕಡಿಮೆ. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಪಕ್ಕದಲ್ಲಿ ಕೂತಿದ್ದ ಹಳೆಯ ಗೆಳೆಯರು, “ಎಲ್ಲಿ ಮಾರಾಯ್ರೆ, ಗೋಡೌನಿನೊಳಗಾ?” ಎಂದು ಕೇಳಿಯೇಬಿಟ್ಟರು. ಒಳಗಲ್ಲ. ಆದರೆ ಗೋಡೌನಿನ ಬೆನ್ನಿಗೇ.

ಖಾರಬಾವ್ ಸ್ಟೇಷನ್ನಿನಿಂದ ಸ್ವಲ್ಪ ಒಳಕ್ಕೆ ನಮ್ಮ ಮನೆ. ಹಿತ್ತಲಿನ ಬೇಲಿಯಾಚೆ ಒಂದು ಗದ್ದೆ. ಗದ್ದೆಯಾಚೆ ನೀಲಿ ತಗಡಿನ ಮಾಡು. ನಮ್ಮೂರಿನ ಒಂದು ಇಡೀ ರಥಬೀದಿಯನ್ನು ತೇರಿನ ಸಮೇತ ಅದರಡಿ ಮಡಚಿಡಬಹುದು, ಅಷ್ಟು ದೊಡ್ಡದು. ಆ ಮಾಡು ನಿಂತ ಜಾಗದ ಒಂದು ತುಂಡು ಪಕ್ಕದ ಮನೆಯ ಆಜಿಯದಾಗಿತ್ತು. ಆಜಿ ಆಗ್ರಿ ಸಮುದಾಯದವರು; ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಅಂಚಿನಲ್ಲಿ ಭತ್ತ, ಉಪ್ಪು, ಮೀನು ಮೂರನ್ನೂ ನೆಚ್ಚಿ ಬದುಕಿದ ಜನ. ಅಲ್ಲಿ ಭತ್ತ ನಾಟಿ ಮಾಡಿದ ಕಾಲದ ಬಗ್ಗೆ ಆಜಿ ಮಾತೆತ್ತುವುದಿಲ್ಲ. ಅಲ್ಲಿ ಅವರ ಕೋಳಿಗಳಿಗೆ ಸಿಗುತ್ತಿದ್ದ ಹುಳುಹುಪ್ಪಟೆ, ಕೊಯ್ಲಾದ ಮೇಲೆ ಉದುರಿರುತ್ತಿದ್ದ ಕಾಳು, ಇವುಗಳ ಬಗ್ಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಮಗ ಅದೇ ಗೋಡೌನಿಗೆ ಟೆಂಪೊ ಓಡಿಸುತ್ತಾನೆ. ಬರುವಾಗ ಮುರಿದ ಪ್ಯಾಲೆಟ್ಟು, ಖಾಲಿ ರಟ್ಟಿನ ಡಬ್ಬ ತರುತ್ತಾನೆ. ಊರಿನ ಮುಕ್ಕಾಲು ಪಾಲು ಕೋಳಿಗೂಡುಗಳು ಈಗ ಪೈನ್ ಮರದ ಪ್ಯಾಲೆಟ್ಟಿನವು. ಎಲ್ಲಿಂದಲೋ ಹಡಗಿನಲ್ಲಿ ಯಂತ್ರದ ಭಾಗ ಹೊತ್ತು ಬಂದ ಮರ ಇಲ್ಲಿ ಕೋಳಿ ಕಾಯುತ್ತಿದೆ. ಮೊಟ್ಟೆ ಇಡಲು ರಟ್ಟಿನ ಡಬ್ಬ. ನಮ್ಮ ಒಂದು ಹೇಂಟೆಗೆ ಮಿಕ್ಸರ್ ಬಂದಿದ್ದ ಡಬ್ಬವೇ ಆಗಬೇಕು, ಬೇರೆಯದಕ್ಕೆ ಕಾಲಿಡುವುದಿಲ್ಲ. ಡಬ್ಬದ ಹೊರಮೈಯಲ್ಲಿ ಒಡೆದ ಗಾಜಿನ ಲೋಟದ ಚಿತ್ರ, ಕೆಳಗೆ ಕೆಂಪಕ್ಷರದಲ್ಲಿ ‘ಫ್ರ್ಯಾಜೈಲ್, ನಿಧಾನವಾಗಿ ಎತ್ತಿ’ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಅದರ ಮೇಲಂಚಿನಿಂದ ಕತ್ತು ಚಾಚಿ, ಅರೆಗಣ್ಣು ಮುಚ್ಚಿ, ಹೇಂಟೆ ಮೊಟ್ಟೆಯಿಡಲು ಕೂತಿರುತ್ತದೆ. ಆ ಎಚ್ಚರಿಕೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ಸಾಗಾಣಿಕೆಯ ದಂಧೆಯಲ್ಲಿ ಬೇರಾರೂ ಇರಲಿಕ್ಕಿಲ್ಲ.

ಡಿಸೆಂಬರ್ ಕೊನೆಯ ವಾರ ನಾತಾಳದ, ಅಂದರೆ ಕ್ರಿಸ್‌ಮಸ್ ರಜೆ. ಮೊಮ್ಮಕ್ಕಳಿಬ್ಬರು ಡೊಂಬಿವಲಿಯಿಂದ ಬರುತ್ತಾರೆ. ಕೋಪರ್ ಸ್ಟೇಷನ್ನಿನಲ್ಲಿ ಇಳಿದು ಮೇಲಿನ ಪ್ಲಾಟ್‌ಫಾರ್ಮ್ ಹತ್ತಿ ವಸಾಯಿ ಕಡೆಯ ಮೆಮು ಹಿಡಿಯಬೇಕು. ದಿನಕ್ಕೆ ಬೆರಳೆಣಿಕೆಯ ಗಾಡಿ. ಎರಡು ನಿಮಿಷಕ್ಕೊಂದು ಲೋಕಲ್ ನೋಡಿ ಬೆಳೆದ ಮಕ್ಕಳಿಗೆ ಒಂದು ಗಾಡಿ ತಪ್ಪಿದರೆ ಮಧ್ಯಾಹ್ನದವರೆಗೆ ಕಾಯಬೇಕೆಂಬುದೇ ಹಳ್ಳಿಯ ಮೊದಲ ಪಾಠ. ಬರುವಾಗ ಸ್ವೆಟರು, ಮಫ್ಲರು, ಕಾಲುಚೀಲ. ಇಲ್ಲಿಯ ಚಳಿ ಎಂದರೆ ಬೆಳಗಿನ ಜಾವ ಹದಿನೈದು ಡಿಗ್ರಿ; ಹಾಸನದ ಕಡೆಯವಳಾದ ನನ್ನ ಹೆಂಡತಿ ಆ ಸ್ವೆಟರುಗಳನ್ನು ನೋಡಿ ಬಾಯಿಗೆ ಸೆರಗು ಮುಚ್ಚಿಕೊಳ್ಳುತ್ತಾಳೆ. ಆದರೂ ಖಾಡಿಯ ಕಡೆಯಿಂದ ಎದ್ದ ಮಂಜು ಗದ್ದೆಯ ಕೂಳೆಯ ಮೇಲೆ ಹಾಸಿರುವಾಗ, ಗೂಡಿನ ಬಾಗಿಲು ತೆಗೆದರೆ ಕೋಳಿಗಳು ಒಂದೊಂದಾಗಿ ಹೊರಬಂದು, ಒಂದು ಕಾಲು ಎತ್ತಿ ಇಡಲೋ ಬೇಡವೋ ಎಂದು ಯೋಚಿಸುವುದನ್ನು ನೋಡಿದರೆ ಚಳಿ ಇದೆ ಎಂದು ಒಪ್ಪಬೇಕಾಗುತ್ತದೆ.

ಮಕ್ಕಳು ಬಂದ ದಿನವೇ ಕೋಳಿಗಳಿಗೆ ನಾಮಕರಣ. ಹಿಂದಿನ ವರ್ಷ ಸಿನಿಮಾ ನಟಿಯರ ಹೆಸರಿದ್ದವು. ಈ ಸಲ ಊರಿಗೆ ತಕ್ಕ ಹೆಸರು: ಪಾರ್ಸೆಲ್, ಸಿಓಡಿ, ಎಕ್ಸ್‌ಪ್ರೆಸ್. ಎಷ್ಟು ಸಲ ಕೂಡಿಟ್ಟರೂ ಬೇಲಿ ನುಸಿದು ತಾನು ಹುಟ್ಟಿದ ಆಜಿಯ ಮನೆಗೇ ಹೋಗುವ ಬೂದುಬಣ್ಣದ ಹೇಂಟೆಗೆ ರಿಟರ್ನ್. ಹುಂಜಕ್ಕೆ ಮ್ಯಾನೇಜರ್. ಎದೆಯುಬ್ಬಿಸಿಕೊಂಡು ಸುತ್ತುತ್ತಾನೆ, ಕಾಳು ಕಂಡರೆ ಎಲ್ಲರನ್ನೂ ಕರೆಯುತ್ತಾನೆ, ತಾನು ಮಾತ್ರ ಏನನ್ನೂ ಹೊತ್ತು ಹಾಕುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದ ನಾನು ಆ ಹೆಸರಿಗೆ ಆಕ್ಷೇಪ ಎತ್ತಲಿಲ್ಲ.

ಮೊಮ್ಮಗಳು ರಫ್ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಶುರುಮಾಡಿದಳು. ಯಾರು ಯಾರನ್ನು ಕುಕ್ಕಿದರು ಎಂಬ ಲೆಕ್ಕ. ಎಡಗಡೆ ಕುಕ್ಕಿದವರು, ಬಲಗಡೆ ಕುಕ್ಕಿಸಿಕೊಂಡವರು. ಸಂಜೆಯೊಳಗೆ ಸ್ಪಷ್ಟವಾಯಿತು: ಪಾರ್ಸೆಲ್ ಎಲ್ಲರನ್ನೂ ಕುಕ್ಕುತ್ತದೆ, ಅದನ್ನು ಯಾರೂ ಕುಕ್ಕುವುದಿಲ್ಲ. ಎಕ್ಸ್‌ಪ್ರೆಸ್ ಪಾರ್ಸೆಲ್‌ನಿಂದ ತಿಂದದ್ದನ್ನು ಸಿಓಡಿಗೆ ದಾಟಿಸುತ್ತದೆ. ಸಿಓಡಿ ರಿಟರ್ನ್‌ಗೆ. ರಿಟರ್ನ್ ಯಾಕೆ ದಿನಾ ಬೇಲಿ ನುಸಿಯುತ್ತದೆ ಎಂಬುದು ಆ ಪಟ್ಟಿ ನೋಡಿದ ಮೇಲೆ ನಮಗೆಲ್ಲ ಅರ್ಥವಾಯಿತು. ನಾನು ಅವಳಿಗೆ ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್ ಎಬ್ಬೆ ಎಂಬವನ ಕತೆ ಹೇಳಿದೆ. ಅವನೂ ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳ ಹಿಂದೆ ಬಿದ್ದು ಇದೇ ಲೆಕ್ಕ ಬರೆದಿಟ್ಟವನು. ದೊಡ್ಡವನಾಗಿ 1920ರ ದಶಕದ ಆರಂಭದಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದ. ಹಿಂಡಿನಲ್ಲಿ ಪ್ರತಿ ಕೋಳಿಗೂ ತನ್ನ ಮೇಲೆ ಯಾರು, ಕೆಳಗೆ ಯಾರು ಎಂಬುದು ಗೊತ್ತಿರುತ್ತದೆ ಎಂದು ಲೋಕಕ್ಕೆ ಹೇಳಿದವನು ಅವನೇ. ಆಫೀಸುಗಳ ಬಗ್ಗೆ ಬರೆಯುವವರೆಲ್ಲ ಆಮೇಲೆ ಆ ಮಾತನ್ನು ಎರವಲು ಪಡೆದರು. ಮೊಮ್ಮಗಳು ಕೇಳಿಸಿಕೊಂಡು, “ಅವನಿಗೂ ಇದು ಹಾಲಿಡೇ ಹೋಮ್‌ವರ್ಕಾ?” ಎಂದಳು.

ಅವಳ ತಮ್ಮನಿಗೆ ಬರೆಯುವ ಕೆಲಸ ಬೇಡ. ಅವನ ಸ್ಪರ್ಧೆ ನಾಯಿ ಕಾಳಿಯ ಜೊತೆ. ಕಾಳಿ ಗೋಡೌನಿನ ಕಾವಲುಗಾರರ ಹತ್ತಿರ ಹುಟ್ಟಿ, ಅವರ ಪಾಳಿ ಬದಲಾದಾಗ ನಮ್ಮ ಜಗಲಿಗೆ ಬಂದು ಮಲಗಿದವಳು. ಮೊಟ್ಟೆ ಇಟ್ಟಾದ ಮೇಲೆ ಹೇಂಟೆ ಕೂಗುವುದು ಗೊತ್ತಲ್ಲ, ಕೊಕ್ಕೊಕ್ಕೊಕ್ಕೋ ಎಂದು ಊರಿಗೆಲ್ಲ ಡಂಗುರ. ಅದರ ಅರ್ಥ ಮನುಷ್ಯರಿಗಿಂತ ಮೊದಲು ಕಾಳಿಗೆ ತಿಳಿದಿತ್ತು. ಕೂಗು ಕೇಳಿದ್ದೇ ತಡ, ಎಲ್ಲಿದ್ದರೂ ಕಿವಿ ನೆಟ್ಟಗೆ ಮಾಡಿ ಮಿಕ್ಸರ್ ಡಬ್ಬದ ಕಡೆ ಓಟ. ಹುಡುಗನೂ ಓಟ. ಹುಡುಗ ಮೊದಲು ತಲುಪಿದರೆ ಬೆಚ್ಚಗಿನ ಮೊಟ್ಟೆ ಕೈಗೆ. ಅದನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣಿನ ರೆಪ್ಪೆಗೆ ಒತ್ತಿಕೊಂಡು, ಆಮೇಲೆ ಅಜ್ಜಿಗೆ ಕೊಡುತ್ತಾನೆ. ಕಾಳಿ ಮೊದಲು ತಲುಪಿದರೆ ಚಿಪ್ಪೂ ಉಳಿಯುವುದಿಲ್ಲ. ಎರಡು ದಿನ ಸೋತ ಮೇಲೆ ಹುಡುಗ ಹೊಸ ಉಪಾಯ ಹೂಡಿದ: ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ನಿಂತು ತಾನೇ ಹೇಂಟೆಯ ಹಾಗೆ ಕೂಗುವುದು. ಕಾಳಿ ಒಮ್ಮೆ ಅತ್ತ ಓಡಿದಳು. ಎರಡನೇ ಸಲ ಕತ್ತು ಕೂಡ ತಿರುಗಿಸಲಿಲ್ಲ. ಬೆಕ್ಕು ಈ ಗಲಾಟೆಗಳಿಂದ ದೂರ. ಮರಿ ಮಾಡಿದ ಹೇಂಟೆಯೊಂದು ರೆಕ್ಕೆ ಬಿಚ್ಚಿ ಅಟ್ಟಿಸಿಕೊಂಡು ಬಂದಾಗ ನೀರಿನ ಟಾಕಿ ಹತ್ತಿ ಕೂತದ್ದು, ಅಂದಿನಿಂದ ಕೋಳಿಯ ಕಡೆ ನೋಡುವುದೇ ಮರ್ಯಾದೆಗೇಡು ಎಂದುಕೊಂಡಿದೆ.

ಮೊಟ್ಟೆಯ ವಿಷಯದಲ್ಲಿ ಈ ಪೈಪೋಟಿಗೆ ಕಾರಣ ಇದೆ. ಚಳಿಗಾಲದಲ್ಲಿ ಮೊಟ್ಟೆ ಕಡಿಮೆ. ಚಳಿ ಇದಕ್ಕೆ ನೆಪ ಅಷ್ಟೆ, ನಿಜವಾದ ಕಾರಣ ಬೆಳಕು. ಹೇಂಟೆಯ ಮೈಯೊಳಗೆ ಮೊಟ್ಟೆಯ ಕಾರ್ಖಾನೆ ಭರ್ತಿ ನಡೆಯಬೇಕಾದರೆ ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು. ಡಿಸೆಂಬರ್ 21ರ ಸುಮಾರಿಗೆ ಇಲ್ಲಿಯ ಹಗಲು 11 ಗಂಟೆಯಲ್ಲೇ ಮುಗಿದುಹೋಗುತ್ತದೆ. ದೊಡ್ಡ ಫಾರಂಗಳಲ್ಲಿ ಸಂಜೆ ಮುಂಜಾನೆ ಬಲ್ಬು ಉರಿಸಿ ಹಗಲನ್ನು ಎಳೆಯುತ್ತಾರೆ. ಹಿತ್ತಲಿನ ಜವಾರಿ ಕೋಳಿಗೆ ಆ ಭಾಗ್ಯವಿಲ್ಲ; ಮೊದಲೇ ವರ್ಷಕ್ಕೆ ಅರವತ್ತೋ ಎಂಬತ್ತೋ ಮೊಟ್ಟೆಯಿಡುವ ಜಾತಿ, ಅದರಲ್ಲೂ ಈ ತಿಂಗಳು ರೆಕ್ಕೆ ಪುಕ್ಕ ಉದುರಿಸಿಕೊಂಡು ಮೂಲೆ ಹಿಡಿಯುತ್ತದೆ. ನಮ್ಮ ಕೋಳಿಗಳು ಹಾಗೇ ಮಾಡಿದವು. ಆಜಿಯ ಕೋಳಿಗಳು ಮಾತ್ರ ಪುಷ್ಯವೆನ್ನದೆ ಮಾರ್ಗಶಿರವೆನ್ನದೆ ಇಡುತ್ತಲೇ ಇದ್ದವು. ಆಜಿ ಇದಕ್ಕೆ ತಾನು ಹಾಕುವ ಒಣ ಸೀಗಡಿಯ ಪುಡಿ ಕಾರಣ ಎನ್ನುತ್ತಾರೆ. ನನ್ನ ಅನುಮಾನ ಬೇರೆ. ನಮ್ಮ ಗೂಡಿಗೆ ನಾನು ಮುಂಗುಸಿಯ ಭಯಕ್ಕೆ ಸುತ್ತಲೂ ತಗಡು ಹೊಡೆಸಿದ್ದೇನೆ. ಆಜಿಯ ಪ್ಯಾಲೆಟ್ ಗೂಡಿನ ಪಟ್ಟಿಗಳ ನಡುವೆ ನಾಲ್ಕು ಬೆರಳು ಸಂದು. ಗೋಡೌನಿನ ಗೋಡೆಯ ಮೇಲಿನ ಫ್ಲಡ್‌ಲೈಟು ರಾತ್ರಿಯಿಡೀ ಆ ಸಂದುಗಳಿಂದ ಒಳಗೆ ಬೀಳುತ್ತದೆ. ಗದ್ದೆ ಕೊಟ್ಟದ್ದಕ್ಕೆ ಪ್ರತಿಯಾಗಿ ಆಜಿಯ ಕೋಳಿಗಳಿಗೆ ಎರಡನೇ ಹಗಲು ಸಿಕ್ಕಿದೆ. ಒಳ್ಳೆಯ ವ್ಯಾಪಾರವೋ ಅಲ್ಲವೋ, ಇದನ್ನು ಅವರ ಎದುರು ಹೇಳುವ ಧೈರ್ಯ ನನಗಿಲ್ಲ.

ಅದೇ ಬೆಳಕು ಹುಂಜಗಳ ತಲೆ ಕೆಡಿಸಿದೆ. ಊರಿನಲ್ಲಿ ಹುಂಜ ಕೂಗಿದರೆ ಎದ್ದು ಒಲೆ ಹಚ್ಚುತ್ತಿದ್ದರು. ಇಲ್ಲಿ ರಾತ್ರಿ ಎರಡಕ್ಕೆ ಒಂದು ಕಂಟೇನರ್ ಲಾರಿ ಗೇಟಿನೊಳಗೆ ತಿರುಗಿತೆಂದರೆ ಅದರ ಹೆಡ್‌ಲೈಟು ಗದ್ದೆಯ ಮೇಲೆ ಹಾದು ಗೂಡಿಗೆ ಬಡಿಯುತ್ತದೆ, ಲಾರಿಯ ಸದ್ದಿಗೆ ತಗಡಿನೊಳಗಿಂದಲೇ ಮ್ಯಾನೇಜರ್ ಕೂಗುತ್ತಾನೆ. ಅವನ ಹಿಂದೆ ಆಜಿಯ ಹುಂಜ, ಅದರ ಹಿಂದೆ ಓಣಿಯ ತುದಿಯದು. ಜಪಾನಿನ ನಾಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಹುಂಜಗಳನ್ನು ಮಬ್ಬು ಬೆಳಕಿನ ಕೋಣೆಯಲ್ಲಿಟ್ಟು, ಬೆಳಗಿನ ಕೂಗು ಅವುಗಳ ಮೈಯೊಳಗಿನ ಗಡಿಯಾರದಿಂದಲೇ ಬರುತ್ತದೆ, ಸೂರ್ಯನನ್ನು ನೋಡಿಯೇ ಕೂಗಬೇಕೆಂದಿಲ್ಲ ಎಂದು ತೋರಿಸಿದರು. ಹೊರಗಿನ ಬೆಳಕಿಗೂ ಸದ್ದಿಗೂ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತವೆ, ಆದರೆ ಮುಂಜಾವದ ಹತ್ತಿರ ಅದರ ಹುರುಪೇ ಬೇರೆ ಎಂದೂ ಹೇಳಿದರು. ಎರಡು ವರ್ಷದ ನಂತರ ಅದೇ ತಂಡ ಇನ್ನೊಂದು ಕಂಡುಕೊಂಡಿತು: ಹತ್ತಿರ ಹತ್ತಿರ ಇರುವ ಹುಂಜಗಳಲ್ಲಿ ಮೊದಲು ಕೂಗುವುದು ಯಜಮಾನ ಹುಂಜ, ಉಳಿದವು ಅಂತಸ್ತಿನ ಪ್ರಕಾರ ಸರದಿಯಲ್ಲಿ. ತನ್ನ ಹುಂಜ ಕೂಗದೆ ಬೆಳಗೇ ಆಗುವುದಿಲ್ಲವೆಂದು ಅದನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟ ಮುದುಕಿಯ ಕತೆ ನಮ್ಮವರಿಗೆಲ್ಲ ಗೊತ್ತು. ಆ ಮುದುಕಿ ಭಿವಂಡಿಗೆ ಬಂದಿದ್ದರೆ ದಿನಕ್ಕೆ ನಾಲ್ಕು ಬೆಳಗು ಮಾಡಿಸಬಹುದಿತ್ತು. ಡೊಂಬಿವಲಿಯ ಮಕ್ಕಳು ಮೊದಲ ರಾತ್ರಿ ಎದ್ದು ಕೂತರು, ಎರಡನೇ ರಾತ್ರಿ ಮಗ್ಗುಲು ಬದಲಿಸಿದರು, ಮೂರನೇ ರಾತ್ರಿ ಲಾರಿಯೂ ಕೇಳಿಸಲಿಲ್ಲ, ಮ್ಯಾನೇಜರನೂ ಕೇಳಿಸಲಿಲ್ಲ.

ಆಜಿಯ ಮನೆಯಲ್ಲಿ ಕೋಳಿಗಳದ್ದೇ ಒಂದು ಪಂಚಾಂಗ ಇದೆ. ಭಾನುವಾರ, ಬುಧವಾರ, ಶುಕ್ರವಾರ ಅಪಾಯದ ದಿನಗಳು. ಸೋಮವಾರ ಶಿವನದು, ಮಂಗಳವಾರ ಗಣಪತಿಯದು, ಗುರುವಾರ, ಶನಿವಾರಕ್ಕೂ ಒಬ್ಬೊಬ್ಬ ದೇವರ ರಕ್ಷಣೆ. ಮಾರ್ಗಶಿರ ಬಂತೆಂದರೆ ಮಹಾಲಕ್ಷ್ಮಿಯ ವ್ರತ. ಗುರುವಾರ ಗುರುವಾರ ಕಲಶಕ್ಕೆ ಐದು ಬಗೆಯ ಎಲೆ ಇಟ್ಟು ಪೂಜೆ. ಕೆಲವು ಮನೆಗಳಲ್ಲಿ ಆ ಒಂದು ದಿನ ಮಾತ್ರ, ಆಜಿಯ ಮನೆಯಲ್ಲಿ ತಿಂಗಳಿಡೀ ಮಾಂಸ ಒಳಗೆ ಬರುವುದಿಲ್ಲ. ಆದ್ದರಿಂದ ಡಿಸೆಂಬರಿನಲ್ಲಿ ಕೋಳಿಗಳು ನಡುಮನೆಯವರೆಗೂ ಬಂದು ಅಡ್ಡಾಡುತ್ತವೆ. ಅವುಗಳಿಗೆ ಗೊತ್ತಿಲ್ಲದ ದಿನ ಒಂದೇ, ಥರ್ಟಿಫಸ್ಟು. ಠಾಣೆಯಿಂದ, ಕಲ್ಯಾಣದಿಂದ, ನವಿ ಮುಂಬಯಿಯಿಂದ ಹುಡುಗರು ಬೈಕುಗಳಲ್ಲಿ ‘ಗಾವಠಿ ಕೋಂಬಡಿ’, ಅಂದರೆ ಜವಾರಿ ಕೋಳಿ ಹುಡುಕಿಕೊಂಡು ಈ ಓಣಿಗಳಿಗೇ ಬರುವ ದಿನ ಅದು. 2024ರಲ್ಲಿ ಮಾರ್ಗಶಿರದ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಮುಗಿಯಿತು. ಮರುದಿನವೇ ಥರ್ಟಿಫಸ್ಟು. ತಿಂಗಳಿಡೀ ಕಾಪಾಡಿದ ಲಕ್ಷ್ಮಿ ಒಂದೇ ದಿನ ಮೊದಲು ಕೈಬಿಟ್ಟಳಲ್ಲ ಎಂದು ನಾನು ಮರುಗುತ್ತಿದ್ದರೆ, ಮೊಮ್ಮಗಳು ಕ್ಯಾಲೆಂಡರ್ ನೋಡಿ ಕಿರುಚಿದಳು: ಅಂದು ಮಂಗಳವಾರ! ಆಜಿಯ ಸೊಸೆ ಬಂದ ಬೈಕುಗಳನ್ನೆಲ್ಲ ಗೇಟಿನಿಂದಲೇ ತಿರುಗಿಸಿದಳು. ಆದರೆ ಜನವರಿ ಒಂದು ಬುಧವಾರ. ಆಜಿಯ ಎರಡು ಹುಂಜಗಳು ಹೊಸ ವರ್ಷವನ್ನು ಮಧ್ಯಾಹ್ನದವರೆಗೆ ಮಾತ್ರ ಕಂಡವು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ಮಾತಿದೆಯಲ್ಲ. ಅರೆಯುವ ಕಲ್ಲಿನ ಸದ್ದಿಗೆ ಮಕ್ಕಳು ನಮ್ಮ ಕೋಳಿಗಳನ್ನೆಲ್ಲ ಅಟ್ಟಿಕೊಂಡು ಹೋಗಿ ಗೂಡಿಗೆ ಹಾಕಿ ಚಿಲಕ ಜಡಿದರು.

ನಮ್ಮ ಮನೆಗೂ ಅಪಾಯ ಬರುತ್ತದೆ, ಅದು ಮಂಗಳೂರು ಕಡೆಯಿಂದ. ಗಣೇಶಪುರಿ ಇದೇ ಭಿವಂಡಿ ತಾಲೂಕು. 1961ರಲ್ಲಿ ಸಮಾಧಿಯಾದ ನಿತ್ಯಾನಂದ ಸ್ವಾಮಿಗಳು ಇಲ್ಲಿಗೆ ಬರುವ ಮೊದಲು ಮಂಗಳೂರು, ಕಾಞಂಗಾಡ್ ಸುತ್ತ ಇದ್ದವರು. ಅವರ ಮಾತುಗಳನ್ನು ಮೊದಲು ಬರೆದಿಟ್ಟುಕೊಂಡವರು ಮಂಗಳೂರಿನ ತುಳಸಿಯಮ್ಮ, ಬರೆದದ್ದು ಕನ್ನಡದಲ್ಲಿ; ಅದೇ ‘ಚಿದಾಕಾಶ ಗೀತೆ’. ಹಾಗಾಗಿ ರಜೆಯಲ್ಲಿ ಮುಂಬಯಿ ನೋಡಲು ಬಂದ ನಮ್ಮ ನೆಂಟರಿಗೆ ಗಣೇಶಪುರಿ, ಮರಾಠರ ಸೇನಾನಿ ಚಿಮಾಜಿ ಅಪ್ಪ ವಸಾಯಿ ಗೆದ್ದ ಹರಕೆಗೆ ಕಟ್ಟಿಸಿದ ವಜ್ರೇಶ್ವರಿ ಗುಡಿ, ಅಕ್ಲೋಲಿಯ ಬಿಸಿನೀರಿನ ಕುಂಡ, ಎಲ್ಲ ಒಂದೇ ದಿನದಲ್ಲಿ ಆಗಬೇಕು. ಹಿಂದಿನ ರಾತ್ರಿ ನಮ್ಮಲ್ಲಿ ಮುಕ್ಕಾಂ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಅವರ ಕಣ್ಣು ಮ್ಯಾನೇಜರನ ಮೇಲೆ. ತುಳುನಾಡಿನವರು ಹುಂಜವನ್ನು ನೋಡುವ ರೀತಿಯೇ ಬೇರೆ. ಬೊಳ್ಳೆಯೋ, ಉರಿಯೆಯೋ, ಕೆಮ್ಮೈರೆಯೋ ಎಂದು ಮೊದಲು ಬಣ್ಣದಿಂದ ಜಾತಿ ನಿಶ್ಚಯ. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ನಮ್ಮಲ್ಲಿ ಅಚ್ಚಾಗುತ್ತದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆ ಕೋಳಿ ಅಂಕವನ್ನು ನಿಷೇಧಿಸಿದ್ದರೂ ದೀಪಾವಳಿ ಕಳೆದರೆ ಕೋಳಿಕಟ್ಟದ ಸುದ್ದಿ ನಿಂತಿಲ್ಲ. ದೊಡ್ಡ ಭಾವ ಮ್ಯಾನೇಜರನನ್ನು ಎತ್ತಿ ಕಾಲಿನ ಮುಳ್ಳು ಮುಟ್ಟಿ ನೋಡಿ, “ಕಟ್ಟಕ್ಕೆ ಆಗ್ಲಿಕ್ಕಿಲ್ಲ, ಸುಕ್ಕಕ್ಕೆ ಅಡ್ಡಿ ಇಲ್ಲ” ಎಂದು ತೀರ್ಪು ಕೊಟ್ಟರು. ನನ್ನ ಹೆಂಡತಿ ಒಳಗಿನಿಂದಲೇ, “ನಾಳೆ ಸಮಾಧಿ ದರ್ಶನಕ್ಕೆ ಹೋಗೋರು ಇವತ್ತು ಕೋಳಿ ತಿಂತಾರಂತಾ?” ಎಂದಳು. ದರ್ಶನ ಮುಗಿಸಿ ಬಂದ ಮೇಲೆ? ಬಂದ ಮೇಲೆ ಪ್ರಸಾದ ತಿಂದ ಬಾಯಿ. ಮರುದಿನ ಬೆಳಗ್ಗೆ ರೈಲು. ಮ್ಯಾನೇಜರ್ ಇವತ್ತಿಗೂ ಇದ್ದಾನೆ.

ಮನುಷ್ಯರಿಂದ ಉಳಿದರೂ ರೋಗದಿಂದ ಉಳಿಯಬೇಕಲ್ಲ. ನಮ್ಮ ಕಡೆ ಕೊಕ್ಕರೆ ರೋಗ ಎನ್ನುವುದನ್ನು ಇಲ್ಲಿ ಮಾನಮೋಡಿ ಎನ್ನುತ್ತಾರೆ. ಕುಮಾವುಂ ಬೆಟ್ಟದ ರಾಣಿಖೇತ್ ಊರಿನ ಹೆಸರು ಅದಕ್ಕೆ ಅಂಟಿ ನೂರು ವರ್ಷವಾಗುತ್ತ ಬಂತು. ಬಂದರೆ ಹಸಿರು ಭೇದಿ, ತಿರುಚಿದ ಕತ್ತು, ವಾರದೊಳಗೆ ಗೂಡು ಖಾಲಿ. ಲಸಿಕೆ ಇದೆ, ಅಗ್ಗವೂ ಹೌದು. ತೊಡಕು ಎಂದರೆ ಒಂದು ಸೀಸೆಯಲ್ಲಿ 100 ಕೋಳಿಗಾಗುವಷ್ಟು ಡೋಸು. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಐಸಿನ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿ ಸಾಕಿದವನು ತೊಂಬತ್ತೈದು ಡೋಸು ಚೆಲ್ಲಬೇಕು, ಇಲ್ಲವೇ ಓಣಿಯನ್ನೆಲ್ಲ ಒಟ್ಟುಗೂಡಿಸಬೇಕು. ನಾವು ಎರಡನೆಯದನ್ನು ಮಾಡುತ್ತೇವೆ, ಮಕ್ಕಳ ರಜೆಯಲ್ಲೇ ಮಾಡುತ್ತೇವೆ, ಕಾರಣ ಹಿಡಿಯಲು ಕೈಗಳು ಬೇಕು. ನಸುಕಿನಲ್ಲಿ, ಕೋಳಿಗಳು ಗೂಡಿನಲ್ಲೇ ಮಂಕಾಗಿರುವಾಗ. ಆಜಿಯ ಅಂಗಳದಲ್ಲಿ ಗೋಣಿಚೀಲ, ಪ್ಲಾಸ್ಟಿಕ್ ಕ್ರೇಟು, ಸೀರೆಯ ಸೆರಗು, ಶಾಲೆಯ ಬ್ಯಾಗು, ಎಲ್ಲದರೊಳಗಿಂದಲೂ ಕೋಳಿಯ ಕತ್ತು. ಮೊಮ್ಮಗ ಎರಡೂ ರೆಕ್ಕೆ ಒತ್ತಿ ಹಿಡಿಯಬೇಕು, ಮೊಮ್ಮಗಳು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಬೇಕು, ನಾನು ಕಣ್ಣಿಗೆ ಒಂದು ಹನಿ. ಹನಿ ಬಿದ್ದ ಕೂಡಲೇ ಬಿಡಬಾರದು; ಕೋಳಿ ಒಮ್ಮೆ ಕಣ್ಣು ಮಿಟುಕಿಸಿ ಅದನ್ನು ಒಳಗೆಳೆದುಕೊಳ್ಳುವವರೆಗೆ ಕಾಯಬೇಕು. ಆ ಮಿಟುಕು ಮೇಲಿನ ರೆಪ್ಪೆಯದಲ್ಲ. ಮೂಗಿನ ಕಡೆಯಿಂದ ಹಾಲುಬಿಳುಪಿನ ತೆಳು ಪರದೆಯೊಂದು ಕಣ್ಣಿನ ಮೇಲೆ ಅಡ್ಡಕ್ಕೆ ಸರಿದು ಮರಳುತ್ತದೆ. ಮಕ್ಕಳು ಅದನ್ನು ನೋಡಲೆಂದೇ ಊರಿನ ಕೋಳಿಗಳನ್ನೆಲ್ಲ ಹಿಡಿದುಕೊಟ್ಟರು. ಆ ರಜೆಯಲ್ಲೇ ಅವರ ಶಾಲೆಯ ಗೆಳೆಯರು ಐರೋಲಿಗೆ ಹೋಗಿ ದೋಣಿ ಹತ್ತಿ ಠಾಣೆ ಖಾಡಿಯ ಫ್ಲೆಮಿಂಗೊಗಳನ್ನು ನೋಡಿಬಂದಿದ್ದರು. 2022ರಲ್ಲಿ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ, ಫೋಟೋಗಳೂ ಚೆನ್ನಾಗಿದ್ದವು. “ಆದ್ರೆ ಅವರು ಯಾರೂ ಕಣ್ಣಿನ ಪರದೆ ನೋಡಿಲ್ಲ” ಎಂದ ಮೊಮ್ಮಗ.

ಹಕ್ಕಿಜ್ವರದ ವಿಷಯ ಬೇರೆ. 2022ರ ಫೆಬ್ರವರಿಯಲ್ಲಿ ಪಕ್ಕದ ಶಹಾಪುರ ತಾಲೂಕಿನ ವೆಹಳೋಲಿಯಲ್ಲಿ ಅದು ಪತ್ತೆಯಾಗಿ, ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ ಕೊಲ್ಲಲು ಆದೇಶವಾಯಿತು. ನಮ್ಮೂರು ಬಲು ದೂರ, ಆದರೂ ಸುದ್ದಿಗೆ ಕಿಲೋಮೀಟರಿನ ಲೆಕ್ಕ ಇಲ್ಲ. ಆಜಿ ತಮ್ಮ ಕೋಳಿಗಳನ್ನು ಬಚ್ಚಲುಮನೆಗೆ ತುಂಬಿ ಮನೆಮಂದಿಗೆಲ್ಲ ಹೊರಗೆ ಸ್ನಾನ ಮಾಡಿಸಿದರಂತೆ. ಕೊಳ್ಳುವವರಿಲ್ಲದೆ, ತಿನ್ನುವವರಿಲ್ಲದೆ ಆ ವರ್ಷ ಈ ಓಣಿಯ ಹುಂಜಗಳು ಎಂದಿಲ್ಲದಷ್ಟು ವಯಸ್ಸಾಗಿ ಬಾಳಿದವು ಎಂದು ಅವರ ಸೊಸೆ ಹೇಳುತ್ತಾಳೆ.

ಈ ಸೊಸೆ ಪನ್ವೇಲ್ ಕಡೆಯವಳು. ರಾಯಗಡ ಜಿಲ್ಲೆಯ ಚಳಿಗಾಲವನ್ನು, ಅಂದರೆ ಅವರೆಕಾಯಿಯನ್ನು ಮಡಕೆಯಲ್ಲಿ ಸುಡುವ ಪೋಪಟಿಯನ್ನು, ಈ ಓಣಿಗೆ ತಂದವಳು ಅವಳೇ. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೇ ವಾಲ್ ಬಿತ್ತುತ್ತಾರೆ. ವಾಲ್ ಎಂದರೆ ನಮ್ಮ ಅವರೆಯ ಬಳಗ. ಡಿಸೆಂಬರ್ ಕೊನೆಗೆ ಕಾಯಿ ಬಲಿಯುತ್ತದೆ. ಒಂದು ಸಂಜೆ ಬೇಲಿಯಾಚೆಯ ಗದ್ದೆಯಲ್ಲಿ, ಗೋಡೌನಿನ ಗೋಡೆಗೆ ಎದುರಾಗಿ, ಅವಳು ಮಡಕೆ ಹೂಡಿದಳು. ಮಡಕೆಯ ತಳಕ್ಕೆ ಭಾಂಬುರ್ಡಾ ಸೊಪ್ಪು. ಬದುವಿನಲ್ಲಿ ತಾನಾಗಿ ಬೆಳೆಯುವ ಕಳೆ, ಘಾಟು ವಾಸನೆ. ಅದರ ಮೇಲೆ ಸಿಪ್ಪೆ ಸಮೇತ ಅವರೆಕಾಯಿ, ಕಲ್ಲುಪ್ಪು, ಓಮ, ಬಟಾಟೆ, ಗೆಣಸು. ನಡುವೆ ಎಲೆಯಲ್ಲಿ ಸುತ್ತಿದ ಕೋಳಿಯ ತುಂಡು, ಅವು ಆಜಿಯ ಮನೆಯವು; ಮೊಟ್ಟೆಗಳು ಎರಡೂ ಮನೆಯವು. ಬಾಯಿಗೆ ಮತ್ತೆ ಭಾಂಬುರ್ಡಾ ತುರುಕಿ ಬಿಗಿ ಮಾಡಿ ಮಡಕೆಯನ್ನು ಬೋರಲು ಹಾಕಿದರು. ಒಂದು ಹನಿ ನೀರಿಲ್ಲ, ಎಣ್ಣೆಯಿಲ್ಲ. ಸುತ್ತ ಹುಲ್ಲು, ಬೆರಣಿ, ಒಣ ಟೊಂಗೆ, ಮುರಿದ ಪ್ಯಾಲೆಟ್ಟಿನ ಚೂರು. ಬೆಂಕಿ ಎದ್ದದ್ದೇ ಗೋಡೌನಿನ ಕಾವಲುಗಾರ ಓಡಿಬಂದ. ಒಳಗೆ ಏನಿದೆ ಎಂದು ತಿಳಿದ ಮೇಲೆ ಹೋಗಲೇ ಇಲ್ಲ.

ಅರ್ಧ ಗಂಟೆಯ ಮೇಲೆ ಸೊಸೆ ಮಡಕೆಯ ಬೆನ್ನಿಗೆ ನೀರು ಚಿಮುಕಿಸಿದಳು. ಚುಂಯ್ ಎಂದು ಹಾರಿಹೋದರೆ ಬೆಂದಿದೆ ಎಂದು ಲೆಕ್ಕ. ಬೂದಿ ಸರಿಸಿ, ಗೋಣಿಯಲ್ಲಿ ಹಿಡಿದು, ಹಳೆಯ ಸೀರೆಯ ಮೇಲೆ ಸುರಿದಾಗ ಎದ್ದ ಆವಿಗೆ ನನ್ನ ಹೆಂಡತಿ ಮೂಗರಳಿಸಿ ನಿಂತುಬಿಟ್ಟಳು. ಸೊಗಡು! ಹಾಸನದ ಕಡೆಯವರಿಗೆ ಅವರೆಯ ಸೊಗಡು ಎಂದರೆ ಏನೆಂಬುದನ್ನು ಮದುವೆಯಾದಂದಿನಿಂದ ಕೇಳಿದ್ದೇನೆ. ಬೆಂಗಳೂರಿನ ಅವರೆ ಮೇಳದ ಸುದ್ದಿ ಬಂದಾಗಲೆಲ್ಲ ಡೊಂಬಿವಲಿಯ ಬಾಲ್ಕನಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದವಳು. ಈಗ ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, “ಇದು ನಮ್ಮೂರಿನಷ್ಟು ಇಲ್ಲ” ಎಂದಳು. ಎಂದು ಮತ್ತೊಂದು ಬೊಗಸೆ ಎತ್ತಿಕೊಂಡಳು. ಮೊಮ್ಮಕ್ಕಳು ಕೋಳಿಯ ತುಂಡು ಮುಟ್ಟಲಿಲ್ಲ, ಹೆಸರಿಟ್ಟವುಗಳ ನೆಂಟರಲ್ಲವೇ. ಹೊಗೆಯ ವಾಸನೆ ಹಿಡಿದ ಮೊಟ್ಟೆಗಳಿಗೆ ಮಾತ್ರ ಯಾವ ಮುಲಾಜೂ ಇರಲಿಲ್ಲ. ಕಾಳಿಗೂ ಅವತ್ತು ಓಡದೆ ಮೊಟ್ಟೆ ಸಿಕ್ಕಿತು.

ರಜೆ ಮುಗಿಯುವ ಹೊತ್ತಿಗೆ ರಿಟರ್ನ್ ಕಾವಿಗೆ ಕೂತಿತು. ಕುಕ್ಕಿಸಿಕೊಳ್ಳುವ ಸರದಿಯ ಕಟ್ಟಕಡೆಯದು, ಬೇಲಿ ನುಸಿಯುವುದನ್ನು ಬಿಟ್ಟು ಡಬ್ಬವೊಂದರಲ್ಲಿ ಮೈಯಗಲಿಸಿ ಕೂತು, ಹತ್ತಿರ ಹೋದರೆ ಪಾರ್ಸೆಲ್ಲನ್ನೂ ಬಿಡದೆ ಗುರ್ ಎನ್ನತೊಡಗಿತು. ಮೊಮ್ಮಗಳ ಪಟ್ಟಿ ಒಂದೇ ದಿನದಲ್ಲಿ ತಲೆಕೆಳಗಾಯಿತು. ಆಜಿ ಒಂಬತ್ತು ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿ ಕೂರಿಸಿದರು, ನಾಲ್ಕು ಅವರವು, ಐದು ನಮ್ಮವು. ಮರಿಗಳ ಪಾಲಿನ ಮಾತೂ ಆಗಲೇ ಆಯಿತು. 21 ದಿನ ಎಂದಾಗ ಮಕ್ಕಳು ಲೆಕ್ಕ ಹಾಕಿ ಅತ್ತರು, ಅಷ್ಟರಲ್ಲಿ ಯೂನಿಟ್ ಟೆಸ್ಟು. ಒಂದು ಮರಿಯನ್ನಾದರೂ ಡೊಂಬಿವಲಿಗೆ ಕಳಿಸಬೇಕು ಎಂದು ಹಟ. ಆರನೇ ಮಹಡಿ, ಸೊಸೈಟಿಯ ನಿಯಮ, ಕೆಳಗಿನ ಮನೆಯವರ ನಿದ್ದೆ ಎಂದು ಮಗಳು ಫೋನಿನಲ್ಲೇ ಉಪನ್ಯಾಸ ಕೊಟ್ಟಳು. ಕೊನೆಗೆ ಒಪ್ಪಂದವಾದದ್ದು ದಿನಾ ಸಂಜೆ ಒಂದು ವಿಡಿಯೋ ಕಾಲ್.

ಈಗ ಸಂಜೆ ಆರಕ್ಕೆ ಸರಿಯಾಗಿ ಮೊಬೈಲ್ ಹೊಡೆದುಕೊಳ್ಳುತ್ತದೆ. ನಾನು ಎತ್ತಿ, ಊಟ ಆಯ್ತಾ, ಟೆಸ್ಟ್ ಹೇಗಾಯ್ತು ಎಂದು ಶುರುಮಾಡುವಷ್ಟರಲ್ಲಿ ಆ ಕಡೆಯಿಂದ ಮೊಮ್ಮಗಳ ದನಿ: “ಅಜ್ಜಾ, ನೀವು ಸ್ವಲ್ಪ ಈಚೆ ಸರೀರಿ, ರಿಟರ್ನ್ ಕಾಣಿಸ್ತಾ ಇಲ್ಲ.”